ಒಂಬತ್ತನೆಯ ಸುತ್ತು

ನವನಗರ, ನಲವತ್ತೇಳನೆಯ ಸೆಕ್ಟರು.
ವೆಲ್ಡಿಂಗ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ
ತಗಡಿನ ಒಂದು ಬಾಗಿಲು. ಬೋರ್ಡಿಲ್ಲ, ಹೆಸರಿಲ್ಲ.
ಫ್ಯಾನಿದೆ, ಹಚ್ಚುವಂತಿಲ್ಲ,
ಗಾಳಿ ತಾಗಿದರೆ ಉರಿ ಹೊಯ್ದಾಡುತ್ತದೆ.
ಹೊರಗೆ ಮೇ ತಿಂಗಳ ಬಾಗಲಕೋಟೆ,
ಒಳಗೆ ಅದರ ಮೇಲೆ ಇನ್ನೊಂದು ಮೇ.

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ನಾನು.
ಒಡೆದದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ ತರುವುದು,
ಕೂಡಿದ್ದನ್ನು ಮೊಣಕಾಲ ನಡುವೆ ಹಿಡಿದು ಆಟೋದಲ್ಲಿ ಒಯ್ಯುವುದು,
ಹನ್ನೊಂದು ವರ್ಷದಿಂದ ಇದು ನನ್ನ ಪಾಲಿನದು.

ಈ ಸಲ ಪ್ರೊಫೆಸರು ಬರೆದು ಕೊಟ್ಟದ್ದು ಹೊಸದು:
ಕೊಳವೆಯೊಳಗೆ ಕೊಳವೆ, ಒಳಗಿನದು ಸುರುಳಿ,
ಎಂಟು ಸುತ್ತು, ನಡುವೆ ಹತ್ತು ಹತ್ತು ಮಿಲಿಮೀಟರು.
ಹೊರಗೆ ತಣ್ಣೀರು, ಒಳಗೆ ಆವಿ,
ಒಂದಕ್ಕೊಂದು ಕಾಣಬೇಕು, ಮುಟ್ಟಬಾರದು.

ರಾಚಪ್ಪ ಬಳಿಗಾರ ಹಾಳೆ ತಿರುವಿ ನೋಡಿದ,
ಬಾವಿಯಲ್ಲಿ ಇಣುಕಿದ ಹಾಗೆ.
"ಎಂಟ ಯಾಕ್ರಿ?" ಅಂದ. ನನಗೇನು ಗೊತ್ತು.

ಹಳೆ ಊರಲ್ಲಿ ಅವರವ್ವ ಬಳೆ ಇಡಿಸುತ್ತಿದ್ದಳು,
ಕೈ ಹಿಸುಕಿ ನೋಡಿಯೇ ಅಳತೆ ಹೇಳುತ್ತಿದ್ದಳಂತೆ.
ಆ ಓಣಿಯ ಮೇಲೆ ಈಗ ಹಿನ್ನೀರು.
ಇವನ ಹತ್ತಿರ ವರ್ನಿಯರ್ ಇದೆ. ಆದರೂ
ಹೊಸ ಕೊಳವೆ ಬಂದರೆ ಮೊದಲು ಹಿಸುಕುತ್ತಾನೆ.
ಗಾಜು ಏನು ಹೇಳುತ್ತದೋ.

ನೇರಳೆ ಛಾಯೆಯ ಕನ್ನಡಕ ಹಾಕಿದ, ನನಗೂ ಒಂದು ಕೊಟ್ಟ.
ಹಾಕುವ ತನಕ ಕಂಡದ್ದು ಬರೀ ಹಳದಿ ಬೆಂಕಿ,
ಹಾಕಿದ ಮೇಲೆ ಬೆಂಕಿ ಸರಿದು ಗಾಜು ಕಂಡಿತು,
ಮಹಾಲಿಂಗಪುರದ ಗಾಣದಲ್ಲಿ ಪಾಕ ಎಳೆ ಬರುವ ಹದ.
ಬಾಯಲ್ಲಿ ರಬ್ಬರಿನ ನಳಿಗೆ. ಊದುವುದೆಂದರೆ
ಕೂಸಿನ ಕಣ್ಣಿನ ಕಸಕ್ಕೆ ಬಿಡುವಷ್ಟು ಉಸಿರು,
ಹೆಚ್ಚಾದರೆ ಗುಳ್ಳೆ, ಕಡಿಮೆಯಾದರೆ ಕುಸಿತ.
ಎಡಗೈ ಬಲಗೈಗಿಂತ ಒಂದು ಕೂದಲು ಮುಂದೆ ಹೋದರೆ
ಗಾಜು ಅದನ್ನು ನೆನಪಿಟ್ಟುಕೊಳ್ಳುತ್ತದೆ.
ಕರೆಂಟು ಹೋಯಿತು, ಗಿರಣಿ ನಿಂತಿತು.
ಅವನು ತಿರುವುತ್ತಲೇ ಇದ್ದ.

ಬಿಸಿ ಗಾಜೂ ಆರಿದ ಗಾಜೂ ನೋಡಲಿಕ್ಕೆ ಒಂದೇ.
ಅದನ್ನು ಕಲಿಯುವುದರಲ್ಲೇ ಬೆರಳ ಗೆರೆಗಳು ಹೋದವು,
ಈಗ ರೇಷನ್ ಅಂಗಡಿಯ ಯಂತ್ರ
ಅವನ ಹೆಬ್ಬೆಟ್ಟನ್ನು ಯಾರದೆಂದು ಹೇಳುವುದಿಲ್ಲ.
ಹೆಂಡತಿ ಹೋಗಿ ಅಕ್ಕಿ ತರುತ್ತಾಳೆ.

ಮರುದಿನ ಹೋದೆ. ಭಟ್ಟಿಯಲ್ಲಿ ರಾತ್ರಿಯಿಡೀ ಮೆಲ್ಲಗೆ ಆರಿದ್ದನ್ನು
ಎರಡು ಕರಿ ಹಾಳೆಗಳ ನಡುವೆ ಹಿಡಿದ, ಹಿಂದೆ ದೀಪ.
"ನೋಡ್ರಿ, ಏನ್ ಕಾಣ್ತೈತಿ?"
ಏನೂ ಇಲ್ಲ. ಕತ್ತಲೆ.
ನಕ್ಕ. ಕಪಾಟಿನಿಂದ ಇನ್ನೊಂದು ತೆಗೆದ, ಕೆಟ್ಟು ಹೋದದ್ದು.
ಬೆಸುಗೆಯ ಸುತ್ತ ನವಿಲುಗರಿಯ ಕಣ್ಣು ಬಿಚ್ಚಿತು,
ನೀಲಿ, ಕಿತ್ತಳೆ, ಇಳಕಲ್ಲಿನ ದಡಿಯಲ್ಲೂ ಕಾಣದ ಗುಲಾಬಿ.
ಎಷ್ಟು ಚಂದ ಅಂದುಬಿಟ್ಟೆ.
"ಚಂದ ಕಂಡಲ್ಲೇ ಒಡೀತೈತ್ರಿ. ಒಳಗ ಜಗ್ಗಾಟ ಐತಿ ಅದಕ್ಕ.
ಒಂದಿನ ಯಾರೂ ಮುಟ್ಟದಾಗ ಟಕ್ ಅಂತೈತಿ.
ನನ್ನ ಕೆಲಸ ಚಲೋ ಆದ್ರ ಏನೂ ಕಾಣಬಾರ್ದು."

ಸುತ್ತು ಎಣಿಸಿದೆ. ಒಂಬತ್ತು.
ಇನ್ನೊಮ್ಮೆ ಎಣಿಸಿದೆ.
"ಎಂಟಕ್ಕ ನಿಲ್ಲಿಸಾಕ ಕೈ ಒಪ್ಪಲಿಲ್ರಿ" ಎಂದಷ್ಟೇ ಹೇಳಿ
ಚಹಾ ತರಲು ಹುಡುಗನನ್ನು ಕಳಿಸಿದ.

ಆಫೀಸಿನವರು ಎಂಟಕ್ಕೇ ಬಿಲ್ಲು ಪಾಸು ಮಾಡಿದರು,
ಒಂಬತ್ತನೆಯದಕ್ಕೆ ಕೆಂಪು ಶಾಯಿಯಲ್ಲಿ
'ಆದೇಶದಲ್ಲಿಲ್ಲ' ಎಂದು ಬರೆದರು.
ಪ್ರೊಫೆಸರು ಅಳತೆಪಟ್ಟಿ ಇಟ್ಟು ಹುಬ್ಬೇರಿಸಿದರು.
ಎಲ್ಲರೂ ಊಟಕ್ಕೆ ಹೋದ ಮೇಲೆ
ಒಬ್ಬರೇ ಅದನ್ನು ಕಿಟಕಿಗೆ ಹಿಡಿದು ನಿಂತಿದ್ದರು, ಬಹಳ ಹೊತ್ತು.
ನಾನು ಕಂಡೂ ಕಾಣದ ಹಾಗೆ ಬೀಕರು ತೊಳೆದೆ.

ಇವತ್ತು ನೀರು ಬಿಟ್ಟೆವು, ಬರ್ನರು ಹಚ್ಚಿದೆವು.
ಆವಿ ಸುರುಳಿಯನ್ನು ಹೊಕ್ಕಿತು,
ಎಲ್ಲಿದೆಯೆಂದು ಯಾರೂ ಬೊಟ್ಟು ಮಾಡಲಾರರು.
ಎಂಟನೆಯ ಸುತ್ತಿಗೆ ಹನಿಯಾಯಿತು.
ಒಂಬತ್ತನೆಯದರಲ್ಲಿ ಒಂದು ಕ್ಷಣ ನಿಂತಿತು,
ಇಡಿಸುವಾಗ ಬಳೆ ಬೆರಳ ಗಿಣ್ಣಿಗೆ ಬಂದು
ನಿಲ್ಲುತ್ತದಲ್ಲ, ಹಾಗೆ,

ಆಮೇಲೆ ಜಾರಿತು.